ಫಾರಿನ್ ಲೀಜನ್ ಅತಿಥಿಯಲ್ಲ ಸ್ವಾಮಿ

ಸಂಪಾದಕರಿಗೆ ನಮಸ್ಕಾರ.

ಫ್ರಾನ್ಸಿನ ರಾಷ್ಟ್ರೀಯ ದಿನವಾದ ಜುಲೈ 14ರ ಪ್ಯಾರಿಸ್ ಸೇನಾ ಪರೇಡಿನ ಬಗ್ಗೆ ನಿಮ್ಮಲ್ಲಿ ಬಂದ ವರದಿ ಓದಿ ಮೈ ಉರಿಯಿತು. 'ಎಲ್ಲವೂ ಅಚ್ಚುಕಟ್ಟು, ಜನಸಾಮಾನ್ಯರ ಕಣ್ಣಿಗೆ ಹಬ್ಬ' ಅಂತೆ. ಮಗನ ಮನೆಗೆ ಬಂದಿರುವ ನಾನೂ ಆ ಹಬ್ಬಕ್ಕೆ ಹೋಗಿದ್ದೆ.

ಹತ್ತಿರದ ಮೆಟ್ರೋ ನಿಲ್ದಾಣಗಳೆಲ್ಲ ಬಂದ್. ರೈಲು ನಿಲ್ಲದೆ ಮುಂದಕ್ಕೆ ಹೋಯಿತು. ಎಲ್ಲೋ ಇಳಿದು, ಮಂಡಿನೋವಿನ ಹೆಂಡತಿಯನ್ನು ಕರೆದುಕೊಂಡು ವಾಪಸ್ ನಡೆದದ್ದಾಯಿತು. ತಪಾಸಣೆಯವರು ಅವಳ ಸ್ಟೀಲ್ ಬಾಟಲಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಇಟ್ಟುಕೊಂಡರು. ಚಕ್ಕುಲಿ ಡಬ್ಬಿ ಮಾತ್ರ ಬಿಟ್ಟರು. ನೀರಿಲ್ಲದೆ ಚಕ್ಕುಲಿ ತಿನ್ನಿ ಅಂತ ಇರಬೇಕು.

ಶಾಂಜೆಲಿಜೆ ರಸ್ತೆಯಲ್ಲಿ ನಮ್ಮ ಮುಂದೆ ಆರಡಿ ಆಳುಗಳ ಸಾಲು. ವಿಮಾನಗಳು ನೀಲಿ, ಬಿಳಿ, ಕೆಂಪು ಹೊಗೆ ಬಿಟ್ಟದ್ದು ಕಂಡಿತು. ಆಕಾಶಕ್ಕೆ ಬ್ಯಾರಿಕೇಡ್ ಹಾಕಲು ಇನ್ನೂ ಯಾರಿಗೂ ಹೊಳೆದಿಲ್ಲ. ಉಳಿದಂತೆ ಫ್ರಾನ್ಸಿನ ಸೇನೆಯಲ್ಲಿ ನಾನು ನೋಡಿದ್ದು ಬರೀ ಟೋಪಿಗಳನ್ನು. ಎರಡು ಮೂಲೆಯ ಕರಿ ಟೋಪಿ ಬಂದರೆ ಎಕೋಲ್ ಪಾಲಿಟೆಕ್ನಿಕ್. 1794ರ ಕಾಲೇಜು, ಓದುವುದು ಇಂಜಿನಿಯರಿಂಗ್, ನಡೆಸುವುದು ರಕ್ಷಣಾ ಇಲಾಖೆ. ಕೆಂಪು-ಬಿಳಿ ಗರಿಯ ತುರಾಯಿ ಅಲ್ಲಾಡಿದರೆ ನೆಪೋಲಿಯನ್ 1802ರಲ್ಲಿ ಶುರುಮಾಡಿದ ಸ್ಯಾಂ-ಸೀರ್ ಅಧಿಕಾರಿ ಶಾಲೆ. ಕೊನೆಗೆ ಸಾಲಾಗಿ ಕೊಡಲಿಗಳು, ಅವುಗಳ ಹಿಂದೆ ಬಿಳಿ ಟೋಪಿಗಳು.

ಇಲ್ಲೇ ನಿಮ್ಮ ವರದಿಗಾರರು ಮುಗ್ಗರಿಸಿದ್ದು. ಫಾರಿನ್ ಲೀಜನ್ ಅಂದರೆ 'ವಿದೇಶದಿಂದ ಬಂದ ಅತಿಥಿ ತುಕಡಿ'ಯಂತೆ! 1831ರಿಂದಲೂ ಅದು ಫ್ರಾನ್ಸಿನದೇ ಸೇನೆ. ಸೇರುವ ಜವಾನರು ಹೆಚ್ಚಾಗಿ ಹೊರದೇಶದವರು, ಅಷ್ಟೇ. ಗಡ್ಡ ಬಿಟ್ಟು, ಚರ್ಮದ ಏಪ್ರನ್ ಕಟ್ಟಿ, ಕೊಡಲಿ ಹೊತ್ತು ಮುಂದೆ ನಡೆಯುವವರು ಅದರ ಪಯನೀರ್‌ಗಳು. ಸೇನೆಗೆ ದಾರಿ ಕಡಿದು ಕೊಡುವುದು ಆ ಕಾಲದಲ್ಲಿ ಅವರ ಕೆಲಸ. ಮಿಕ್ಕ ತುಕಡಿಗಳದು ನಿಮಿಷಕ್ಕೆ 120 ಹೆಜ್ಜೆ, ಲೀಜನ್‌ನದು 88. ಅದಕ್ಕೇ ಕಾಲಾಳುಗಳಲ್ಲಿ ಅವರು ಕೊನೆಗೆ ಬರುವುದು. ಅದನ್ನು ನಿಮ್ಮವರು 'ಬಿಸಿಲಿಗೆ ಸುಸ್ತಾದಂತಿದ್ದರು' ಎಂದು ಬರೆದಿದ್ದಾರೆ. ಸುಸ್ತಾಗಿದ್ದು ನಾವು!

ಬೆಂಕಿ ಆರಿಸುವ ಲಾರಿ ಕಂಡು 'ನಗರಪಾಲಿಕೆಯೂ ಭಾಗವಹಿಸಿತು' ಅಂತ ಬೇರೆ. ಪ್ಯಾರಿಸ್ಸಿನಲ್ಲಿ ಬೆಂಕಿ ಆರಿಸುವವರು 1811ರಿಂದ ಸೈನಿಕರು. ಹಿಂದಿನ ವರ್ಷ ಆಸ್ಟ್ರಿಯಾ ರಾಯಭಾರಿಯ ಔತಣದಲ್ಲಿ ಬೆಂಕಿ ಬಿದ್ದು ಜನ ಸತ್ತ ಮೇಲೆ ನೆಪೋಲಿಯನ್ ಮಾಡಿದ ಏರ್ಪಾಡು ಅದು. ಮಾರ್ಸೇ ಊರಲ್ಲಾದರೆ ಅವರು ನೌಕಾಪಡೆಯವರು. ವಿಚಿತ್ರವೇ. ಆದರೆ ವಿಚಾರಿಸಿ ಬರೆಯಬೇಕಲ್ವಾ?

2009ರಲ್ಲಿ ಇದೇ ರಸ್ತೆಯಲ್ಲಿ ಪರೇಡಿನ ಮುಂದೆ ನಡೆದವರು ಭಾರತದ ಸೈನಿಕರು, ನಮ್ಮ ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿ. ಕನ್ನಡ ಪತ್ರಿಕೆಗೆ ಆ ಒಂದು ಸಾಲಿಗೆ ಜಾಗ ಸಿಗಲಿಲ್ಲ. ಅಧ್ಯಕ್ಷರ ಹೆಂಡತಿಯ ಉಡುಪಿಗೆ ಸಿಕ್ಕಿತು.

ಮಾತು ಬಂದದ್ದಕ್ಕೆ ಹೇಳುತ್ತೇನೆ. ಲೀಜನ್‌ನಲ್ಲಿ ಮೂರು ವರ್ಷ ದುಡಿದವನು ಫ್ರೆಂಚ್ ಪೌರತ್ವಕ್ಕೆ ಅರ್ಜಿ ಹಾಕಬಹುದು. ಕಾಳಗದಲ್ಲಿ ಗಾಯವಾದರೆ ಅದಕ್ಕೂ ಮೊದಲೇ. ನನ್ನ ಮಗ ಅದಕ್ಕಿಂತ ಜಾಸ್ತಿ ಕಾಲದಿಂದ ಇಲ್ಲಿ ತೆರಿಗೆ ಕಟ್ಟುತ್ತಿದ್ದಾನೆ. ಬರೀ ವಾಸದ ಕಾರ್ಡು ನವೀಕರಿಸಲು ಹೋದರೆ ಇನ್ನೊಂದು ಕಾಗದ ತಾ, ಅದರ ಜೆರಾಕ್ಸ್ ತಾ, ಅಷ್ಟರಲ್ಲಿ ಮೊದಲಿನದು ಹಳೆಯದಾಯಿತು, ಹೊಸದು ತಾ. ಯಾವ ಗಾಯ ತೋರಿಸಬೇಕೋ ಗೊತ್ತಿಲ್ಲ. ನಮ್ಮ ವೀಸಾ ಹೊತ್ತಿಗೂ ಇದೇ ಹಾಡು. ಮೊಮ್ಮಕ್ಕಳನ್ನು ಕಂಡವರ ಹತ್ತಿರ ಮದುವೆ ಸರ್ಟಿಫಿಕೇಟ್ ಕೇಳಿದರು. ಕೌಂಟರಿನ ಆ ಪುಣ್ಯಾತ್ಮನಿಗೆ ನಮ್ಮಿಬ್ಬರ ಜಗಳ ಕೇಳಿಯೂ ನಂಬಿಕೆ ಬರಲಿಲ್ಲ.

ಆದ್ದರಿಂದ ತಿದ್ದುಪಡಿ ಪ್ರಕಟಿಸಿ. ಇಲ್ಲವೇ ಇನ್ನು ಮುಂದೆ ಪರೇಡಿನ ಸುದ್ದಿಯನ್ನೇ ಹಾಕಬೇಡಿ. ಕುಳ್ಳರಿಗೆ, ಮುದುಕರಿಗೆ ಸಂಬಂಧಪಟ್ಟವರು ಏನಾದರೂ ಮಾಡಲಿ, ಕಾರ್ಡಿನ ವಿಷಯವನ್ನೂ ನೋಡಲಿ. ಇನ್ನು ಟಿವಿ ನೋಡಿ ವರದಿ ಬರೆಯುವವರು ಕೊನೇಪಕ್ಷ ಟಿವಿಯನ್ನಾದರೂ ಪೂರ್ತಿ ನೋಡಬೇಕು.

— ಒಬ್ಬ ಹಳೆಯ ಚಂದಾದಾರ, ಬೆಳಗಾವಿ (ಸದ್ಯ ಪ್ಯಾರಿಸ್)