ಟ್ವೀಡ್ ಕೊಳ್ಳುವ ಮೊದಲು ಚೀಟಿ ನೋಡಿ

ಮಾನ್ಯ ಸಂಪಾದಕರೇ,

ಐರ್ಲೆಂಡಿನ ಡೊನೆಗಾಲ್ ಕೌಂಟಿಯ ಆರ್ಡರಾ ಊರಿನ ಆಸುಪಾಸಿನಲ್ಲಿ ನಾನು ಹನ್ನೊಂದು ವರ್ಷದಿಂದ ನರ್ಸ್. ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುತ್ತೇನೆ. ಎಷ್ಟೋ ಮನೆಗಳ ಹಿತ್ತಲಲ್ಲಿ ಒಂದು ಶೆಡ್, ಅದರೊಳಗೆ ಟ್ವೀಡ್ ಎಂಬ ದಪ್ಪ ಉಣ್ಣೆ ಬಟ್ಟೆ ನೇಯುವ, ಈಗ ಪ್ಲಾಸ್ಟಿಕ್ ಹೊದಿಸಿಟ್ಟ ಕೈಮಗ್ಗ.

ಈ ಬಡ ಕರಾವಳಿಯ ಜನರಿಗೆ ದುಡಿಮೆ ಸಿಗಲಿ ಎಂದು 1891ರಲ್ಲಿ ಸರ್ಕಾರ ಒಂದು ಮಂಡಳಿ ಮಾಡಿತ್ತು. ಅದು ನೇಯ್ಗೆಗೆ ಒತ್ತಾಸೆಯಾಗಿ ನಿಂತಿತು. ಡೊನೆಗಾಲ್ ಟ್ವೀಡ್ ಹೆಸರು ಮಾಡಿತು. ಈಗ ಬಟ್ಟೆಯ ಹೆಚ್ಚಿನ ಪಾಲು ವಿದ್ಯುತ್ ಮಗ್ಗದ್ದು. ಕೈಮಗ್ಗದ ಸದ್ದು ಬೆರಳೆಣಿಕೆಯ ಕಡೆ ಮಾತ್ರ.

ನಾನು ನೋಡಿಕೊಳ್ಳುವ ಅಜ್ಜ ಒಬ್ಬರು ಒಂದು ದಿನ ನನಗಾಗಿ ಮಗ್ಗಕ್ಕೆ ಕೂತರು. ಬೂದು ಉಣ್ಣೆಯ ನೂಲು, ನಡುನಡುವೆ ಹಳದಿ, ಕೆಂಪು ಚುಕ್ಕೆ. ಹಳದಿ ಚುಕ್ಕೆ ಗುಡ್ಡದ ಮುಳ್ಳುಪೊದೆಯ ಹೂವಂತೆ, ಕೆಂಪು ಚುಕ್ಕೆ ಬೇಲಿಯ ಫ್ಯೂಷಿಯಾ ಹೂವಂತೆ. ಒಂದು ಕೈ ಹಗ್ಗ ಎಳೆದರೆ ಲಾಳಿ ಆ ಕಡೆಗೆ ಓಡುತ್ತದೆ, ಇನ್ನೊಂದು ಕೈ ಹೊಕ್ಕನ್ನು ಬಡಿದು ಕೂರಿಸುತ್ತದೆ. ಕಾಲು ತುಳಿಯುತ್ತಲೇ ಇರುತ್ತದೆ. ನಡುವೆ ಥಟ್ಟನೆ ನಿಲ್ಲಿಸಿದರು. ನೂರಾರು ಎಳೆಗಳ ಮೇಲೆ ಬೆರಳಾಡಿಸಿ, ಕಡಿದ ಒಂದೇ ಒಂದು ಎಳೆ ಹಿಡಿದು ಗಂಟು ಹಾಕಿದರು. ಗಂಟು ಎಲ್ಲಿದೆ ಅಂತ ಹುಡುಕಿದರೂ ನನಗೆ ಸಿಗಲಿಲ್ಲ!

ಅವರ ಮಗ ನೇಯಲಿಲ್ಲ, ಕಿಲ್ಲಿಬೆಗ್ಸ್ ಬಂದರಿಗೆ ಮೀನುಗಾರಿಕೆಗೆ ಹೋದ. ತಪ್ಪೇನಿಲ್ಲ ಬಿಡಿ. ನೇಯ್ದಷ್ಟು ಗಜಕ್ಕೆ ಮಾತ್ರ ಕೂಲಿ, ಕೈ ಪಳಗುವವರೆಗೆ ಸಂಸಾರ ನಡೆಯಬೇಕಲ್ವಾ? ಕಲಿಯುವವರಿಗೆ ಸಂಬಳ ಕೊಡದೆ ಸುಮ್ನೆ ಪರಂಪರೆ ಅಂದರೆ ಯಾರು ಬರುತ್ತಾರೆ?

ಡಬ್ಲಿನ್‌ನ ಒಂದು ಅಂಗಡಿಯಲ್ಲಿ ಡೊನೆಗಾಲ್ ಹೆಸರಿನ ಟೋಪಿ ಕೊಂಡು ಅಜ್ಜನಿಗೆ ಉಡುಗೊರೆ ಕೊಟ್ಟಿದ್ದೆ. ಅವರು ಒಳಗಿನ ಚೀಟಿ ತಿರುಗಿಸಿ ತೋರಿಸಿದರು. ಸಣ್ಣ ಅಕ್ಷರದಲ್ಲಿ ಬೇರೆ ದೇಶದ ಹೆಸರು. ನನಗೆ ತುಂಬಾ ಬೇಜಾರಾಯಿತು. ಸ್ಕಾಟ್ಲೆಂಡಿನ ಹ್ಯಾರಿಸ್ ಟ್ವೀಡ್‌ಗೆ 1993ರಿಂದ ಕಾನೂನಿನ ರಕ್ಷಣೆ ಇದೆ. ಅಲ್ಲಿನ ದ್ವೀಪಗಳಲ್ಲಿ, ನೇಕಾರರ ಮನೆಯಲ್ಲೇ ನೇಯ್ದಿದ್ದರೆ ಮಾತ್ರ ಆ ಹೆಸರು. ಯುರೋಪಿಯನ್ ಒಕ್ಕೂಟದಲ್ಲೂ ಕರಕುಶಲ ವಸ್ತುಗಳಿಗೆ ಊರಿನ ಹೆಸರಿನ ರಕ್ಷಣೆ ಕೊಡುವ ಕಾನೂನು 2025ರ ಡಿಸೆಂಬರ್ 1ರಿಂದ ಜಾರಿಯಾಗಿದೆ. ಡೊನೆಗಾಲ್ ಹೆಸರಿಗೂ ಅದು ಬೇಗ ಸಿಗಲಿ.

ನಮ್ಮವರು ಐರ್ಲೆಂಡಿಗೆ ಜಾಸ್ತಿ ಬರುತ್ತಿದ್ದಾರೆ, ಟ್ವೀಡ್ ಟೋಪಿ, ಶಾಲು ಕೊಳ್ಳುತ್ತಾರೆ. ದಯವಿಟ್ಟು ಒಳಗಿನ ಚೀಟಿ ಓದಿ. ಎಲ್ಲಿ ನೇಯ್ದಿದ್ದು, ಯಾರು ನೇಯ್ದಿದ್ದು ಅಂತ ಅಂಗಡಿಯವರನ್ನು ಕೇಳಿ. ಸಾಧ್ಯವಾದರೆ ಆರ್ಡರಾಕ್ಕೇ ಬಂದು ನೇಕಾರರ ಕೈಯಿಂದಲೇ ಕೊಳ್ಳಿ.

– ಒಬ್ಬ ನರ್ಸ್, ಆರ್ಡರಾ, ಡೊನೆಗಾಲ್