ಕೋಡಿಂಗ್ ಚಿತ್ರಕಲಾ ಕ್ಲಾಸಿಗೂ ಬರ್ಲಿ

ಸಂಪಾದಕರಿಗೆ ನಮಸ್ಕಾರ,

ನಾನು ಚಿತ್ರಕಲೆ ಓದ್ತಿರೋ ವಿದ್ಯಾರ್ಥಿನಿ. ಕೋಡಿಂಗ್ ಅಂದ್ರೆ ಇಂಜಿನಿಯರಿಂಗ್‌ನೋರ ಕೆಲಸ, ಗಣಿತ ಬರದೋರು ಆ ಕಡೆ ತಲೆನೇ ಹಾಕಬಾರದು ಅಂತ ನಮ್ ಕ್ಲಾಸಲ್ಲಿ ಎಲ್ರೂ ಅಂದ್ಕೊಂಡಿದ್ವಿ, ಆದ್ರೆ ಕೋಡ್ ಬರೆದು ಚಿತ್ರ ಮೂಡಿಸೋ ಪ್ರೊಸೆಸಿಂಗ್ ಅನ್ನೋ ಸಾಫ್ಟ್‌ವೇರನ್ನ ಬೆನ್ ಫ್ರೈ, ಕೇಸಿ ರೀಸ್ ಸೇರಿ 2001ರಲ್ಲಿ ಶುರು ಮಾಡಿದ್ದೇ ಕಲಾವಿದರಿಗೂ ಕೋಡಿಂಗ್ ಸಿಗ್ಲಿ ಅಂತ, ಅದೂ ಪೂರ್ತಿ ಫ್ರೀ.

ಅದ್ರಲ್ಲಿ ನಾನು ಮೊದಲ್ನೇ ದಿನ ಮಾಡಿದ್ದು ಒಂದು ವೃತ್ತ ಅಷ್ಟೇ. ಮೌಸ್ ಹೋದ ಕಡೆ ಅದು ಬರ್ಬೇಕು. ಹಳೇ ಚಿತ್ರನ ಬಣ್ಣ ಬಳಿದು ಮುಚ್ಚೋ ಬ್ಯಾಕ್‌ಗ್ರೌಂಡ್ ಅನ್ನೋ ಸಾಲನ್ನ, ಮತ್ತೆ ಮತ್ತೆ ಓಡೋ ‘ಡ್ರಾ’ ಅನ್ನೋ ಕೋಡಿನ ಭಾಗದೊಳಗೆ ಹಾಕಿರ್ಲಿಲ್ಲ, ಹಳೇ ವೃತ್ತ ಅಳಿಸ್ದೇ ಒಂದರ ಮೇಲೊಂದು ಕೂತು ಸ್ಕ್ರೀನ್ ತುಂಬ ಉದ್ದ ಬಾಲ ಬಿಡ್ತು, ಆಗ್ಲೇ ಗೊತ್ತಾಗಿದ್ದು ಕಂಪ್ಯೂಟರ್ ಸೆಕೆಂಡಿಗೆ 60 ಸಲದ ತನಕ ಚಿತ್ರನ ಮತ್ತೆ ಮತ್ತೆ ಬರೀತಿರತ್ತೆ ಅಂತ. ಆಮೇಲೆ ಮೈಕ್ ಜೋಡಿಸ್ದೆ. ಸೌಂಡ್ ಲೆವೆಲ್ 0ಯಿಂದ 1ರ ಒಳಗಿನ ಒಂದು ನಂಬರಾಗಿ ಬರತ್ತೆ, ಅದನ್ನ 300ರಿಂದ ಗುಣಿಸಿ ವೃತ್ತದ ಅಗಲಕ್ಕೆ ಕೊಟ್ಟೆ, ನಾನು ಹಾಡಿದ್ರೆ ಉಬ್ಬತ್ತೆ, ಸುಮ್ನಾದ್ರೆ ಕುಗ್ಗತ್ತೆ. ಕಣ್ಣು ತುಂಬಿ ಬಂತು ನಿಜವಾಗ್ಲೂ. ಸ್ಕೂಲಲ್ಲಿ ಗಣಿತದಲ್ಲಿ ಬಾಯಿಪಾಠ ಮಾಡಿದ್ದ ಸೈನ್ (sine), ಅಲೆ ಥರ ಏರಿಳಿಯೋದು, ಇದೇನಾ ಅನ್ನಿಸ್ತು, ಸೆಕೆಂಡಿಗೆ 440 ಸಲ ಏರಿಳಿದ್ರೆ ಕಿವಿಗೆ ಒಂದು ಸ್ವರ, ನಿಧಾನಕ್ಕೆ ಏರಿಳಿದ್ರೆ ಕಣ್ಣಿಗೆ ಉಸಿರಾಡೋ ಆಕಾರ.

ಧ್ವನಿಗೇ ಅಂತ ಸೋನಿಕ್ ಪೈ, ಪ್ಯೂರ್ ಡೇಟಾ ಅನ್ನೋ ಸಾಫ್ಟ್‌ವೇರ್‌ಗಳು ಇವೆ, ಅವೂ ಫ್ರೀ. ಕಲಾ ಕಾಲೇಜುಗಳು ಇದನ್ನ ಸಿಲಬಸ್‌ಗೆ ಸೇರಿಸ್ಬೇಕು, ಬ್ರಷ್ ಹಿಡಿಯೋದನ್ನ ಬಿಡಿಸಿ ಅಲ್ಲ, ಅದ್ರ ಜೊತೆಗೇ. ನಿಮ್ಮ ಶಿಕ್ಷಣ ಪುಟದಲ್ಲೂ ದಯವಿಟ್ಟು ಇದ್ರ ಬಗ್ಗೆ ಬರೀರಿ.

– ಒಬ್ಬ ಕಲಾ ವಿದ್ಯಾರ್ಥಿನಿ