ಊಟ ಬಿಟ್ಟು ಎದ್ದುಹೋದ ಮಗಳಿಗೆ

ರಾಯಚೂರು

ಪ್ರೀತಿಯ ಮಗಳೇ,

ಭಾನುವಾರ ತಟ್ಟೆ ಬಿಟ್ಟೆದ್ದು ನೀನು ಹೈದರಾಬಾದಿನ ರೈಲು ಹತ್ತಿದೆ. ಅಂದಿನ ಜಗಳದ ಮಾತುಗಳನ್ನು ಮತ್ತೆ ಬರೆಯುವುದಿಲ್ಲ. ನಿಜಾಮ ಮತ್ತು ಜಮೀನ್ದಾರರ ವಿರುದ್ಧ ಕಮ್ಯುನಿಸ್ಟ್ ಪಕ್ಷ ನಡೆಸಿದ ತೆಲಂಗಾಣದ ರೈತರ ಸಶಸ್ತ್ರ ಹೋರಾಟವನ್ನು 1951ರ ಅಕ್ಟೋಬರಿನಲ್ಲಿ ಹಿಂತೆಗೆದುಕೊಂಡದ್ದು ದ್ರೋಹವಲ್ಲ ಎಂದ ಗೆಳತಿಯೊಂದಿಗೆ ನೀನು ಮಾತು ಬಿಟ್ಟಿರುವೆಯೆಂದು ಅಮ್ಮ ಹೇಳಿದಳು. ಅಂದಿನಿಂದ ನನಗೆ ನಿದ್ದೆ ಹತ್ತುತ್ತಿಲ್ಲ.

ನಲ್ಗೊಂಡದ ನಿನ್ನ ದೊಡ್ಡ ಮಾಮ ಹನ್ನೆರಡನೆಯ ವಯಸ್ಸಿನಲ್ಲಿ ಹೋರಾಟದ ಗೆರಿಲ್ಲಾ ದಳಗಳಿಗೆ ಚೀಟಿ ಮುಟ್ಟಿಸುತ್ತಿದ್ದವರು, ಮುಂದೆ ನನ್ನನ್ನು ಪಕ್ಷಕ್ಕೆ ಕರೆತಂದು ಓದು ಹಚ್ಚಿಸಿದವರು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯಕ್ಕೆ ನಿಜಾಮ ಐದೇ ದಿನದಲ್ಲಿ ಶರಣಾದಾಗಲೇ ಬಂದೂಕು ಕೆಳಗಿಡಬೇಕಿತ್ತು ಎಂಬ ಪಕ್ಷದ ನಾಯಕ ರಾವಿ ನಾರಾಯಣ ರೆಡ್ಡಿಯವರ ವಾದ ನನ್ನದಾಗಿತ್ತು: ನಿಜಾಮನ ಪರದ ರಜಾಕಾರ ಪಡೆಯ ಎದುರು ಇಡೀ ಊರು ನಿಂತಿತ್ತು, ನೆಹರೂ ಸರ್ಕಾರದ ಸೈನ್ಯದ ಎದುರು ನಿಲ್ಲಲಿಲ್ಲ, ನಾಲ್ಕೆಕರೆ ಇದ್ದವರು ಮೆಲ್ಲಗೆ ಸರಿದುಕೊಂಡರು, ದಳಗಳು ಕಾಡು ಸೇರಿದವು. ಮಾಮ ಹೋರಾಟ ಮುಂದುವರಿಯಲಿ ಎಂದ ಸುಂದರಯ್ಯನವರ ಕಡೆಯವರು. ಸೈನ್ಯದ ಬೆನ್ನಿಗೇ ಜಮೀನ್ದಾರ ದೇಶಮುಖರು ಮರಳಿ ಬಂದರಲ್ಲ, ಸುಮಾರು 3,000 ಹಳ್ಳಿಗಳಲ್ಲಿ ರೈತರಿಗೆ ಹಂಚಿದ್ದ 10 ಲಕ್ಷ ಎಕರೆ ಭೂಮಿಯನ್ನು ಬರಿಗೈಯವರು ಹೇಗೆ ಕಾಯಬೇಕಿತ್ತು ಎಂದು ಕೇಳುತ್ತಿದ್ದರು. ಪಕ್ಷದ ನಾಯಕರ ನಿಲುವುಗಳನ್ನು ಹಿಡಿದು ರಣದಿವೆ ಲೈನು, ರಾಜೇಶ್ವರ ರಾವ್ ಲೈನು ಎಂದು ನಾವು ಕಳೆದ ರಾತ್ರಿಗಳಿಗೆ ಲೆಕ್ಕವಿಲ್ಲ.

ಒಂದು ಸಂಜೆ ಅವರ ಕಟ್ಟೆಯ ಮೇಲೆ ಕುಳಿತು, “ನಿಮ್ಮ ಹಟಕ್ಕೆ 4,000 ಜನ ಬಲಿಯಾದರು” ಎಂದುಬಿಟ್ಟೆ. ಪಕ್ಷವೇ ಹೇಳುವ ಆ ಲೆಕ್ಕದಲ್ಲಿ 1948ಕ್ಕೆ ಮುಂಚೆ ಸತ್ತವರೂ ಇದ್ದಾರೆ. ಮಾಮನ ಅಣ್ಣ ಅವರಲ್ಲೊಬ್ಬ, ರಜಾಕಾರರ ಗುಂಡಿಗೆ ಸತ್ತವನು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ವಾದ ಗೆಲ್ಲಲು ಆ ಹೆಣವನ್ನು ನನ್ನ ಕಡೆಗೆ ಎಳೆದುಕೊಂಡೆ. ಅವರು ಉತ್ತರಿಸಲಿಲ್ಲ. ಬಸಿಯಲ್ಲಿ ಆರಿಸಿಟ್ಟಿದ್ದ ಚಹಾವನ್ನು ಒಂದು ಹನಿ ಚೆಲ್ಲದಂತೆ ಕಪ್ಪಿಗೆ ಮತ್ತೆ ಸುರಿದು, ಕಪ್ಪನ್ನು ನನ್ನಿಂದ ದೂರಕ್ಕೆ ಸರಿಸಿಟ್ಟರು. ಹತ್ತೊಂಬತ್ತು ವರ್ಷ ನಾವು ಮಾತಾಡಲಿಲ್ಲ. ಈಗಲೂ ಯಾರಾದರೂ ಬಸಿಯಲ್ಲಿ ಚಹಾ ಕುಡಿದರೆ ನಾನು ಎದ್ದು ಹೋಗುತ್ತೇನೆ. ಅಮ್ಮ ಅದನ್ನು ನನ್ನ ಸಿಡುಕು ಎಂದುಕೊಂಡಿದ್ದಾಳೆ.

ನನಗೆ ಓದಲು ಬಾರದ ಉರ್ದು ಕಾಗದಗಳನ್ನು ನೀನು ಓದುತ್ತೀಯೆಂದು ಊರಿಗೆಲ್ಲ ಹೇಳಿಕೊಂಡು ತಿರುಗುವವನು ನಾನೇ. ಹಾಗಿದ್ದೂ ‘ನಿನಗೇನು ಗೊತ್ತು’ ಎಂದದ್ದು ತಪ್ಪು. ಆದರೂ ಹೇಳುತ್ತೇನೆ, ಕೇಳು: ಲೈನುಗಳನ್ನು ಅಳೆಯುವ ಮೊದಲು, ದಳಗಳಲ್ಲಿ ಬಂದೂಕು ಹೊತ್ತ ಹೆಂಗಸರನ್ನು ಹೋರಾಟ ನಿಂತ ಮೇಲೆ ಮನೆಗೆ ಹೋಗಿರೆಂದು ಕಳಿಸಿದ ಬಗೆಯನ್ನು ಬರೆ. ನಾನೂ ಮಾಮನೂ ಅಷ್ಟು ರಾತ್ರಿ ಕಾದಾಡಿದ್ದರಲ್ಲಿ ಆ ಹೆಂಗಸರ ಮಾತು ಒಮ್ಮೆಯೂ ಬರಲಿಲ್ಲ. ಮತ್ತೆ ಉಪದೇಶಕ್ಕಿಳಿದೆ, ಕ್ಷಮಿಸು.

ದೊಡ್ಡ ಮಾಮ ಮಂಗಳವಾರ ತೀರಿಕೊಂಡರು. ಮುಂದಿನ ಭಾನುವಾರ ನಲ್ಗೊಂಡದಲ್ಲಿ ಸಂತಾಪ ಸಭೆಯಿದೆ. ನನ್ನನ್ನೂ ಮಾತಾಡಲು ಕರೆದಿದ್ದಾರೆ, ನಾಲ್ಕು ಸಾಲು ಬರೆದು ನಾಲ್ಕನ್ನೂ ಹೊಡೆದುಹಾಕಿದ್ದೇನೆ. ಸಾಧ್ಯವಾದರೆ ನೀನೂ ಬಾ. ನೀನು ಬಿಟ್ಟುಹೋದ ನೋಟುಪುಸ್ತಕವನ್ನು ತರುತ್ತೇನೆ. ಮೊದಲ ಪುಟದ ಹೊರತು ಏನನ್ನೂ ಓದಿಲ್ಲ.

ನಿನ್ನ ಅಪ್ಪ